ಕರೆಂಟ್ ಬಂದರೂ ಸರ್ವರ್ ಯಾಕೆ ಏಳಲಿಲ್ಲ?

ಹುಬ್ಬಳ್ಳಿ, ಹಾವೇರಿ ಕಡೆಯ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಏಪ್ರಿಲ್, ಮೇ ಸಂಜೆ ಗಾಳಿ ಎದ್ದು ಅಡ್ಡಮಳೆ ಬಂತು ಅಂದರೆ ನನಗೆ ಫೋನ್ ಬರುತ್ತದೆ. ಬಹಳ ಸಲ ದೂರು ಒಂದೇ: "ಸರ್, ಕರೆಂಟ್ ಬಂದು ಅರ್ಧ ತಾಸಾತ್ರಿ, ಸರ್ವರ್ ಚಾಲೂನ ಆಗವಲ್ದು."

ಯುಪಿಎಸ್ ತಗೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಹೊತ್ತು ಬ್ಯಾಕಪ್ ಬರುತ್ತದೆ ಅಂತ. ಸಣ್ಣ ಯುಪಿಎಸ್ ಕೊಡುವುದು ಕೆಲವೇ ನಿಮಿಷ. ಅದು ಸರ್ವರ್ ಸರಿಯಾಗಿ ಬಂದ್ ಆಗಲಿಕ್ಕೆ ಸಿಗುವ ಸಮಯ. ಅದಕ್ಕೆ ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ವೈರ್ ಹಾಕಿರಬೇಕು, ಬ್ಯಾಟರಿ ಇಳಿದಾಗ ಸರ್ವರ್ ಬಂದ್ ಮಾಡಿಸುವ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಥರದ ಒಂದು ಪ್ರೋಗ್ರಾಮ್ ಬೇಕು. ಎಷ್ಟೋ ಕಡೆ ಆ ವೈರ್ ಇನ್ನೂ ಡಬ್ಬಿಯಲ್ಲೇ ಇರುತ್ತದೆ.

ವೈರ್ ಹಾಕಿದರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಲೀಕರು ಬೇಸರದಿಂದ ಹೇಳಿದರು: "ವೈರ್ ಇಲ್ಲದಾಗನ ಚಲೋ ಇತ್ತು. ಕರೆಂಟ್ ಬಂದ ಕೂಡಲೇ ತಾನ ಚಾಲೂ ಆಗ್ತಿತ್ತು." ಅವರ ಮಾತು ನಿಜವೇ ಆಗಿತ್ತು. ಕಾರಣ ಬಯೋಸ್‌ನಲ್ಲಿತ್ತು, ಅಂದರೆ ಸರ್ವರ್ ಚಾಲೂ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಮ್‌ನ ಸೆಟ್ಟಿಂಗ್‌ನಲ್ಲಿ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನುವಲ್ಲಿ 'ಲಾಸ್ಟ್ ಸ್ಟೇಟ್' ಅಂತ ಇತ್ತು. ಮೊದಲು ಸರ್ವರ್ ಓಡುತ್ತಿರುವಾಗಲೇ ಥಟ್ಟನೆ ಆರುತ್ತಿತ್ತು. ಹಿಂದಿನ ಸ್ಥಿತಿ 'ಆನ್', ಹಾಗಾಗಿ ತಾನೇ ಏಳುತ್ತಿತ್ತು. ವೈರ್ ಹಾಕಿದ ಮೇಲೆ ಸರಿಯಾಗಿ ಶಟ್‌ಡೌನ್ ಆಗುತ್ತಿತ್ತು. ಈಗ ಹಿಂದಿನ ಸ್ಥಿತಿ 'ಆಫ್'. ಮತ್ತೆ ಯಾಕೆ ಎದ್ದೀತು? ಅದನ್ನು 'ಪವರ್ ಆನ್' ಮಾಡಿದೆವು.

ಇದಕ್ಕಿಂತ ತೊಂದರೆ ಕೊಡುವುದು ಇನ್ನೊಂದಿದೆ. ಬ್ಯಾಟರಿ ಇಳಿದು ಶಟ್‌ಡೌನ್ ಶುರುವಾಗಿರುತ್ತದೆ, ಅಷ್ಟರಲ್ಲೇ ಕರೆಂಟ್ ಬರುತ್ತದೆ. ಶುರುವಾದ ಶಟ್‌ಡೌನ್ ನಿಲ್ಲುವುದಿಲ್ಲ. ಸರ್ವರ್ ಆಫ್ ಆಗುತ್ತದೆ, ಆದರೆ ಯುಪಿಎಸ್‌ನಿಂದ ಕರೆಂಟ್ ಒಂದು ಕ್ಷಣವೂ ತಪ್ಪಿಲ್ಲ. ಹೋಗದ ಕರೆಂಟ್ ವಾಪಸ್ ಬಂತು ಅಂತ ಸರ್ವರ್‌ಗೆ ಗೊತ್ತಾಗೋದು ಹೇಗೆ? ಯಾರಾದರೂ ಬಟನ್ ಒತ್ತುವ ತನಕ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಶಟ್‌ಡೌನ್‌ನ ಕೊನೇ ಹೆಜ್ಜೆಯಲ್ಲಿ ಸರ್ವರ್ ಯುಪಿಎಸ್‌ಗೆ ಹೇಳಬೇಕು: ಲೈನ್‌ನಲ್ಲಿ ಕರೆಂಟ್ ಇದ್ದರೂ ಸರಿ, ನಿನ್ನ ಔಟ್‌ಪುಟ್ ಒಮ್ಮೆ ಕಟ್ ಮಾಡಿ ಮತ್ತೆ ಕೊಡು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್‌ನ usbhid-ups ಅನ್ನುವ ಯುಎಸ್‌ಬಿ ಡ್ರೈವರ್‌ನಲ್ಲಿ (ಯುಪಿಎಸ್ ಜೊತೆ ಮಾತಾಡುವ ಭಾಗ) ಕಟ್ ಮಾಡಲು 20 ಸೆಕೆಂಡ್, ಮತ್ತೆ ಕೊಡಲು 30 ಸೆಕೆಂಡ್ ಅಂತ ಮೊದಲೇ ಇರುತ್ತದೆ. ಬದಲಾಯಿಸಿದರೂ ಎರಡನೆಯದು ಜಾಸ್ತಿ ಇರಲೇಬೇಕು.

ಎರಡು ಸರ್ವರ್ ಇದ್ದರೆ ನಡುವಿನ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್‌ನಿಂದಲೇ ಲೈನ್ ಕೊಡಿ. ಯುಎಸ್‌ಬಿ ವೈರ್ ಇರುವುದು ಮೊದಲನೇ ಸರ್ವರ್‌ಗೆ, ಎರಡನೆಯದಕ್ಕೆ ಕರೆಂಟ್ ಹೋದ ಸುದ್ದಿ ನೆಟ್‌ವರ್ಕ್ ಮೂಲಕವೇ ಹೋಗಬೇಕು. ಇಲ್ಲದಿದ್ದರೆ ಎರಡನೇ ಸರ್ವರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮ್ಮ ಕಡೆ ಮಳೆಯಲ್ಲಿ ಕರೆಂಟ್ ಒಂದೇ ಸಲ ಹೋಗಿ ಒಂದೇ ಸಲ ಬರುವುದಿಲ್ಲ, ಅಲ್ವಾ? ಬರುತ್ತದೆ, ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಖಾಲಿ ಬ್ಯಾಟರಿಯಲ್ಲಿ ಎದ್ದ ಸರ್ವರ್‌ಗೆ ಎರಡನೇ ಸಲ ಸರಿಯಾಗಿ ಬಂದ್ ಆಗುವಷ್ಟೂ ಹೊತ್ತು ಸಿಗುವುದಿಲ್ಲ. ಡೇಟಾಬೇಸ್ ಕೆಡುವುದು ಹೆಚ್ಚಾಗಿ ಆಗಲೇ. ಬ್ಯಾಟರಿ ಇಷ್ಟು ಚಾರ್ಜ್ ಆದ ಮೇಲೇ ಔಟ್‌ಪುಟ್ ಕೊಡು ಅನ್ನುವ ಸೆಟ್ಟಿಂಗ್ ಕೆಲವು ಯುಪಿಎಸ್‌ಗಳಲ್ಲಿದೆ. ಇದ್ದರೆ ಖಂಡಿತ ಬಳಸಿ.

ಇದೆಲ್ಲ ಮಾಡಿ, ಮಳೆ ಶುರುವಾಗುವ ಮೊದಲೇ ಒಂದು ಭಾನುವಾರ ಟೆಸ್ಟ್ ಮಾಡುತ್ತೇನೆ. ಪ್ಲಗ್ ಕೀಳಬೇಡಿ, ಅರ್ಥಿಂಗ್ ತಪ್ಪುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ. ಶಟ್‌ಡೌನ್ ಅರ್ಧಕ್ಕೆ ಬಂದಾಗ ಸ್ವಿಚ್ ಮತ್ತೆ ಹಾಕಿ, ಕೈ ಕಟ್ಟಿ ನಿಂತು ನೋಡಿ. ಬಟನ್ ಮುಟ್ಟದೆ ಸರ್ವರ್ ತಾನೇ ಎದ್ದು, ಬಿಲ್ಲಿಂಗ್ ಸ್ಕ್ರೀನ್ ತೆರೆದರೆ ಮಾತ್ರ ನಾನು ಕೆಲಸದ ಶೀಟ್‌ಗೆ ಸಹಿ ಹಾಕುವುದು.