ದೃಷ್ಟಿ ಹೋದ ಮೇಲೆ ಮನೆ, ದಾರಿ, ಫೋನು: ನಮ್ಮ ಗುಂಪಿನ ಕೆಲಸ ಎಲ್ಲಿಗೆ ಬಂತು

ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ಯಾರನ್ನೂ ಕರೆಯದೆ ಒಲೆ ಹಚ್ಚಬೇಕು, ಬೀದಿ ತುದಿಯವರೆಗೆ ಹೋಗಿ ಬರಬೇಕು. ಅಲ್ಲಿಯವರೆಗೆ ಜೊತೆಗಿರುವುದು ನಮ್ಮ ಕೆಲಸ. ಗುಂಪಿನಲ್ಲಿ ಕಣ್ಣು ಕಾಣುವ ನೆರೆಹೊರೆಯವರೂ ಇದ್ದಾರೆ, ದೃಷ್ಟಿ ಹೋಗಿ ವರ್ಷಗಳಾದವರೂ ಇದ್ದಾರೆ. ಕಲಿಸುವುದನ್ನು ಆದಷ್ಟು ಎರಡನೆಯವರಿಗೇ ಬಿಟ್ಟಿದ್ದೇವೆ. ಕಾಣುವವರು "ಅಲ್ಲೇ ಇದೆ ನೋಡಿ" ಅನ್ನುತ್ತಾರೆ. ಇವರು "ಬಲಗೈಯಿಂದ ಒಂದು ಗೇಣು ಮುಂದೆ" ಅನ್ನುತ್ತಾರೆ.

ಅಡುಗೆಮನೆ: ಹೆಚ್ಚುಕಡಿಮೆ ಮುಗಿದಿದೆ

ಅಂಟಿಸುವ ಉಬ್ಬು ಚುಕ್ಕಿಗಳು ಒಂದು ಮನೆಗೆ ಹತ್ತರೊಳಗೆ ಸಾಕು. ಮೈಕ್ರೋವೇವ್‌ಗೆ ಮೂರು: 5ರ ಮೇಲೆ, ಸ್ಟಾರ್ಟ್ ಮೇಲೆ, ಸ್ಟಾಪ್ ಮೇಲೆ. ಉಳಿದ ಅಂಕಿಗಳನ್ನು ಬೆರಳು 5ರಿಂದ ಲೆಕ್ಕ ಹಾಕಿಕೊಳ್ಳುತ್ತದೆ. ವಾಷಿಂಗ್ ಮೆಷಿನ್‌ಗೂ ಮೂರು: ತಿರುಗುವ ಗುಂಡಿಗೆ ಒಂದು, ದಿನಾ ಬಳಸುವ ಪ್ರೋಗ್ರಾಮಿನ ನೇರಕ್ಕೆ ಒಂದು, ಸ್ಟಾರ್ಟ್‌ಗೆ ಒಂದು. ಕಂಡಕಂಡಲ್ಲಿ ಅಂಟಿಸಿದರೆ ಯಾವ ಚುಕ್ಕಿ ಯಾವುದರದ್ದು ಎಂದು ನೆನಪಿಡುವುದೇ ಹೊಸ ಹೊರೆ. ಚುಕ್ಕಿಯನ್ನು ಬಳಸುವವರೇ ತಮ್ಮ ಕೈಯಾರೆ ಅಂಟಿಸಬೇಕು, ಇದರಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ಬೇರೆಯವರು ಅಂಟಿಸಿಕೊಟ್ಟದ್ದು ಬೆರಳಿಗೆ ಅಷ್ಟು ಬೇಗ ನೆನಪಾಗುವುದಿಲ್ಲ.

ಅಂಟಿಸುವ ಮುನ್ನ ಜಿಡ್ಡನ್ನು ಸೋಪುನೀರಿನಿಂದ ತೆಗೆದು, ಸ್ಪಿರಿಟ್‌ನಿಂದ ಒರೆಸಿ ಒಣಗಿಸಬೇಕು. ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ದಿನ ಅದನ್ನು ಮುಟ್ಟದೆ ಬಿಡಬೇಕು. ಗಾಜಿನ ಟಚ್ ಪ್ಯಾನೆಲ್ ಇದ್ದರೆ ಪಾಡು ಬೇರೆ: ಚುಕ್ಕಿಗಾಗಿ ಸವರುವ ಬೆರಳಿಗೇ ಯಂತ್ರ ಚಾಲೂ ಆಗಿಬಿಡುತ್ತದೆ. ಅಲ್ಲಿ ಚುಕ್ಕಿಯನ್ನು ಗಾಜಿನ ಹೊರಗೆ, ಚೌಕಟ್ಟಿನ ಮೇಲೆ, ಬಟನ್ನಿನ ನೇರಕ್ಕೆ ಇಡುತ್ತೇವೆ.

ಒಲೆಗೆ ಚುಕ್ಕಿ ಬೇಡ ಎಂದು ತೀರ್ಮಾನಿಸಿದ್ದೇವೆ. ಬಿಸಿಗೆ ಅಂಟು ಮೆತ್ತಗಾಗಿ ಚುಕ್ಕಿ ಮೆಲ್ಲಗೆ ಜಾರುತ್ತದೆ. ಜಾರಿದ ಚುಕ್ಕಿ ಇಲ್ಲದ ಚುಕ್ಕಿಗಿಂತ ಅಪಾಯ, ಏಕೆಂದರೆ ಬೆರಳು ಅದನ್ನು ನಂಬುತ್ತದೆ. ಅದರ ಬದಲು, ಆಫ್ ಮಾಡಿದಾಗ ಮೇಲೆ ಬರುವ ಕಡೆ ಗುಂಡಿಯ ಅಂಚಿನಲ್ಲಿ ಅರದಿಂದ ಸಣ್ಣ ಕಚ್ಚು ಹಾಕುತ್ತೇವೆ. ಉಗುರಿಗೆ ಸಿಕ್ಕಿದರೆ ಸಾಕು.

ಉಪ್ಪು, ಸಕ್ಕರೆಗೆ ಹೆಸರಿನ ಚೀಟಿಗಿಂತ ಬೇರೆ ಬೇರೆ ಆಕಾರದ ಡಬ್ಬಿ ಒಳ್ಳೆಯದು. ಬ್ರೈಲ್ ಕಲಿಯುವವರಿಗೆ ಕಲಿಸುತ್ತೇವೆ. ಆದರೆ ಮಧುಮೇಹದಿಂದ ದೃಷ್ಟಿ ಹೋದವರಲ್ಲಿ ಕೆಲವರಿಗೆ ಬೆರಳ ತುದಿಯ ಸ್ಪರ್ಶವೂ ಕುಂದಿರುತ್ತದೆ. ಬ್ರೈಲ್ ಚುಕ್ಕಿಗಳ ನಡುವೆ ಇರುವುದು ಸುಮಾರು 2.5 ಮಿ.ಮೀ. ಅಷ್ಟೆ. ಅಂಥವರಿಗೆ ರಬ್ಬರ್ ಬ್ಯಾಂಡ್: ಬೆಳಗಿನ ಮಾತ್ರೆಯ ಬಾಟಲಿಗೆ ಒಂದು, ರಾತ್ರಿಯದಕ್ಕೆ ಎರಡು.

ಬಿಸಿನೀರು ಬಗ್ಗಿಸಲು ಲೋಟದ ಅಂಚಿಗೆ ಸಿಕ್ಕಿಸುವ, ಬೀಪ್ ಅನ್ನುವ ಸಾಧನವಿದೆ. ಕಡ್ಡಿಗಳಿಗೆ ನೀರು ತಾಗಿ ವಿದ್ಯುತ್ ಹರಿದರೆ ಅದು ಕೂಗುತ್ತದೆ. ಎಣ್ಣೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಎಣ್ಣೆಗೆ ಅದನ್ನು ನೆಚ್ಚಬಾರದು. ಸೌಟಿನಿಂದ ಅಳೆದು ಹಾಕುವುದೇ ಸರಿ.

ಕೋಲು ಮತ್ತು ದಾರಿ: ನಡೆಯುತ್ತಿದೆ

ಬಿಳಿ ಕೋಲು ನೆಲದಿಂದ ಎದೆಮೂಳೆಯ ಕೆಳತುದಿಯವರೆಗಾದರೂ ಇರಬೇಕು, ಬಿರುಸಾಗಿ ನಡೆಯುವವರಿಗೆ ಇನ್ನೂ ಉದ್ದ. 1944ರ ಹೊತ್ತಿಗೆ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ರೂಪಿಸಿದ ಕ್ರಮವೇ ಇಂದಿಗೂ ಬುನಾದಿ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ. ತುದಿ ಭುಜಗಳ ಅಗಲಕ್ಕಿಂತ ತುಸು ಆಚೆಯವರೆಗೆ ಹೋದರೆ ಸಾಕು. ಕಾಲೂ ಕೋಲೂ ಒಂದೇ ಕಡೆ ಹೋದರೆ, ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ಮೆಟ್ಟಿಲು ತಪ್ಪುವುದು ಹೀಗೆ. ಇನ್ನೊಂದು ತೊಂದರೆ, ಕೋಲು ಹಿಡಿದ ಕೈ ಹೊಕ್ಕುಳ ನೇರದಿಂದ ಪಕ್ಕಕ್ಕೆ ಸರಿಯುವುದು. ಆಗ ಒಂದು ಮಗ್ಗುಲು ಕೋಲಿನ ವ್ಯಾಪ್ತಿಯಿಂದಲೇ ತಪ್ಪಿಹೋಗುತ್ತದೆ.

ಜೊತೆಗಾರರು ಹಿಂದೆ ಸರಿಯುವುದಕ್ಕೂ ಕ್ರಮವಿದೆ. ಮೊದಲು ಮೊಣಕೈ ಮೇಲ್ಭಾಗ ಹಿಡಿಸಿಕೊಂಡು ಅರ್ಧ ಹೆಜ್ಜೆ ಮುಂದೆ ನಡೆಯುವುದು, ಆಮೇಲೆ ಪಕ್ಕದಲ್ಲಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ಬಾಯಿ ಮುಚ್ಚಿಕೊಂಡು, ಕೊನೆಗೆ ತಲುಪುವ ಜಾಗದಲ್ಲಿ ಕಾಯುವುದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಕೋಲು ಕಂಬಕ್ಕೆ ತಾಗುವ ಮೊದಲೇ "ನಿಲ್ಲಿ ನಿಲ್ಲಿ" ಎಂದು ಕೂಗಿದರೆ ಕಂಬವನ್ನು ಕಂಡುಹಿಡಿದದ್ದು ನಾವಾಗುತ್ತೇವೆ, ಅವರಲ್ಲ. ಕೋಲು ತಾಗಲಿ, ಅದು ಇರುವುದೇ ಅದಕ್ಕೆ. ಬಾಯಿ ಬಿಡುವುದು ಎರಡಕ್ಕೆ ಮಾತ್ರ: ವಾಹನ ಬಂದಾಗ, ಇಲ್ಲವೇ ಸೊಂಟದಿಂದ ಮೇಲಿನ ಅಡ್ಡಿ ಎದುರಾದಾಗ. ಬಾಗಿದ ಕೊಂಬೆ, ತೆರೆದ ಕಿಟಕಿ, ಲಾರಿಯ ಹಿಂಭಾಗ ಕೋಲಿಗೆ ಸಿಗುವುದಿಲ್ಲ.

ದಾರಿಯ ಗುರುತಾಗಿ ಇದ್ದಲ್ಲಿಂದ ಕದಲದ್ದನ್ನು ಆರಿಸುತ್ತೇವೆ: ಕಾಂಪೌಂಡ್ ಗೋಡೆ ಮುಗಿಯುವ ಜಾಗ, ನೆಲ ಇಳಿಜಾರಾಗುವ ಜಾಗ, ಡಾಂಬರು ಹೋಗಿ ಮಣ್ಣು ಬರುವ ಜಾಗ. ಯಂತ್ರದ ಸದ್ದು, ನಿಂತ ವಾಹನ ಲೆಕ್ಕಕ್ಕಿಲ್ಲ. ಮಳೆ ಬಂದರಂತೂ ಕಿವಿಯ ಗುರುತೆಲ್ಲ ಅಳಿಸಿಹೋಗುತ್ತದೆ. ದೊಡ್ಡ ರಸ್ತೆ ದಾಟುವುದನ್ನು ನಾವು ಕಲಿಸುವುದಿಲ್ಲ. ಅದಕ್ಕೆ ತರಬೇತಿ ಪಡೆದ ಶಿಕ್ಷಕರೇ ಬೇಕು.

ದಾರಿಯ ಅಕ್ಕಪಕ್ಕದವರಲ್ಲಿ ಮೂರು ವಿಷಯ ಕೇಳಿಕೊಂಡಿದ್ದೇವೆ: ಮಾತಾಡಿಸುವಾಗ ಮೊದಲು ನಿಮ್ಮ ಹೆಸರು ಹೇಳಿ, ಕೋಲು ಹಿಡಿದು ಎಳೆಯಬೇಡಿ, ಗೋಡೆಯಂಚಿಗೆ ಬೈಕ್ ನಿಲ್ಲಿಸಬೇಡಿ. ಮೊದಲೆರಡು ಬೇಗ ರೂಢಿಯಾಗುತ್ತವೆ. ಬೈಕಿನ ಮಾತನ್ನು ಮತ್ತೆ ಮತ್ತೆ ಹೇಳಬೇಕು.

ಕೂತು ಮಾತಾಡುವುದು

ಇಲ್ಲದ ಮುಖಗಳು, ಬಲೆಯಂಥ ಚಿತ್ತಾರಗಳು ಕಾಣುತ್ತವೆ ಎಂದು ಹೇಳಿಕೊಳ್ಳಲು ಹಲವರು ಅಂಜುತ್ತಾರೆ, ತಲೆ ಕೆಟ್ಟಿತೇನೋ ಎಂಬ ಭಯ. ಇದು ಚಾರ್ಲ್ಸ್ ಬಾನೆ ಸಿಂಡ್ರೋಮ್, 1760ರಲ್ಲೇ ದಾಖಲಾದದ್ದು. ಕಣ್ಣಿಂದ ಸುದ್ದಿ ಬರದಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ವೈದ್ಯರಿಗೆ ತಿಳಿಸಲೇಬೇಕು, ನಿಜ. ಆದರೆ "ನನಗೂ ಹಾಗೇ ಕಾಣುತ್ತಿತ್ತು" ಎಂದು ಪಕ್ಕದಲ್ಲಿ ಕೂತವರು ಹೇಳಿದಾಗ ಇಳಿಯುವ ಭಾರವೇ ಬೇರೆ.

ಫೋನು: ಈಗಷ್ಟೇ ಶುರು

ಟಾಕ್‌ಬ್ಯಾಕ್ ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ, ಆಂಡ್ರಾಯ್ಡ್ ಫೋನಿನ ಸೌಲಭ್ಯ. ಅದರಲ್ಲಿ ಮೊದಲ ಪಾಠ, ಎರಡೂ ವಾಲ್ಯೂಮ್ ಬಟನ್ ಕೆಲವು ಸೆಕೆಂಡು ಒತ್ತಿ ಅದನ್ನು ಆನ್, ಆಫ್ ಮಾಡುವುದು. ಇದು ಗೊತ್ತಿದ್ದರೆ ಮನೆಯವರು ಫೋನ್ ಮುಟ್ಟಿ ಕೆಡಿಸಿದರೂ ಗಾಬರಿ ಬೇಡ. ಮಾತಿನ ವೇಗ ನಿಧಾನಕ್ಕಿರಲಿ, ಭಾಷೆ ಕನ್ನಡವಿರಲಿ. ಆಮೇಲೆ ಎಡ ಬಲಕ್ಕೆ ಸವರುವುದು, ಎರಡು ಸಲ ತಟ್ಟುವುದು, ಕರೆ ಎತ್ತುವುದು. ಟೈಪಿಂಗ್ ಮುಂದಿನ ಸುತ್ತಿಗೆ; ಅಲ್ಲಿಯವರೆಗೆ ಗುಂಪಿನಲ್ಲಿ ವಾಯ್ಸ್ ಮೆಸೇಜ್ ನಡೆಯುತ್ತದೆ.