ಖಾಲಿ ಬಡಾವಣೆಯಲ್ಲೊಂದು ಸ್ಲಾಲಂ ಓಟ

ಬಳ್ಳಾರಿಯ ಅಂಚಿನಲ್ಲಿ ಈಗ ಮನೆಗಳಿಗಿಂತ ಮೊದಲು ರಸ್ತೆಗಳು ಸಿದ್ಧವಾಗುತ್ತವೆ. ಹೊಲವಾಗಿದ್ದ ಜಾಗದಲ್ಲಿ ಕಲ್ಲು ನೆಟ್ಟು, ನಿವೇಶನಗಳಿಗೆ ನಂಬರು ಬರೆದು, ನಡುವೆ ಅಚ್ಚುಕಟ್ಟಾಗಿ ಡಾಂಬರು ಹಾಕಿದ ಮೇಲೆ, ಕೊಂಡವರು ಮನೆ ಕಟ್ಟಲು ಬರುವ ತನಕ ಅಲ್ಲಿ ಓಡಾಡುವುದು ಕುರಿ ಹಿಂಡುಗಳು ಮತ್ತು ಬೈಕ್ ಕಲಿಯುವವರು ಮಾತ್ರ. ಸಂಗನಕಲ್ಲಿನ ದಿಕ್ಕಿಗಿರುವ ಅಂತಹ ಒಂದು ಬಡಾವಣೆಯಲ್ಲಿ, ಕಳೆದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, 16 ಮಕ್ಕಳಿಗಾಗಿ ನಾವು ಸ್ಲಾಲಂ ಸ್ಕೇಟ್‌ಬೋರ್ಡ್ ಓಟವನ್ನು ಏರ್ಪಡಿಸಿದೆವು. ನಾವು ಎಂದರೆ ನಾನು, ಸಂಜೆ ಹೊತ್ತು ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ನನ್ನ ಗೆಳೆಯ, ಒಬ್ಬ ದೈಹಿಕ ಶಿಕ್ಷಕರು ಮತ್ತು ಕೆಲವು ಪಾಲಕರು. ನಮ್ಮ ಹಿಂದೆ ಸಂಘವಾಗಲಿ ಪ್ರಾಯೋಜಕರಾಗಲಿ ಇರಲಿಲ್ಲ. ಬಡಾವಣೆಯ ಮಾಲೀಕರು ರಸ್ತೆಗೆ ಬಣ್ಣ ಬಳಿಯಬಾರದೆಂಬ ಒಂದೇ ಷರತ್ತಿನ ಮೇಲೆ ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದರು.

ಸ್ಲಾಲಂ ಓಟದಲ್ಲಿ ಇಳಿಜಾರಿನ ಮೇಲೆ ಸಾಲಾಗಿ ಕೋನ್‌ಗಳನ್ನು ಇಡುತ್ತಾರೆ. ಬೋರ್ಡ್ ಮೇಲೆ ನಿಂತವರು ಒಂದು ಕೋನಿನ ಎಡಕ್ಕೆ, ಮುಂದಿನದರ ಬಲಕ್ಕೆ ತಿರುಗುತ್ತಾ ಕೊನೆ ಮುಟ್ಟಬೇಕು. ಖೋ-ಖೋ ಆಟದಲ್ಲಿ ಕುಳಿತವರ ನಡುವೆ ಸರಪಳಿ ಹೆಣೆಯುತ್ತಾ ಓಡುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾಲಕರಿಗೆ ನಾವು ವಿವರಿಸಿದ್ದೂ ಹಾಗೆಯೇ. ಕೋನ್ ಬೀಳಿಸಿದರೆ ಸಮಯಕ್ಕೆ ದಂಡ ಸೇರುತ್ತದೆ. ನುರಿತವರು ಒಮ್ಮೆ ಹೊರಟ ಮೇಲೆ ಕಾಲನ್ನು ನೆಲಕ್ಕೆ ತಾಗಿಸುವುದಿಲ್ಲ. ಪ್ರತಿ ತಿರುವಿನಲ್ಲೂ ಮೈಭಾರವನ್ನು ಒತ್ತಿ ಹಗುರಗೊಳಿಸುತ್ತಾ ಆ ತಿರುವಿನಿಂದಲೇ ವೇಗವನ್ನು ಪಡೆಯುತ್ತಾರೆ. ಇದಕ್ಕೆ ಪಂಪಿಂಗ್ ಎನ್ನುತ್ತಾರೆ.

1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್‌ವರ್ದಿ ಎಂಬ ಅಮೆರಿಕದ ಯುವಕ ಪಾಲಿಯುರೆಥೇನ್ ಚಕ್ರಗಳನ್ನು ಸ್ಕೇಟ್‌ಬೋರ್ಡಿಗೆ ತಂದ ಮೇಲೆ, ಡಾಂಬರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ಬೋರ್ಡುಗಳು ಬಂದವು. ಅದರೊಂದಿಗೆ ಸ್ಲಾಲಂ ಕೂಡ ಬೆಳೆಯಿತು. ಆ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾದಲ್ಲಿ ಹೆಸರಾಂತ ಓಟಗಳು ನಡೆದದ್ದು ಯಾವ ಕ್ರೀಡಾಂಗಣದಲ್ಲೂ ಅಲ್ಲ, ರಸ್ತೆ ಹಾಕಿ ಇನ್ನೂ ಮನೆ ಕಟ್ಟದಿದ್ದ ಬಡಾವಣೆಯಲ್ಲಿ ಎಂದು ತಿಳಿದ ದಿನವೇ ನನಗೆ ನಮ್ಮೂರಿನಲ್ಲೂ ಇದು ಸಾಧ್ಯವೆಂಬ ಧೈರ್ಯ ಬಂತು. ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ್ದು ಸ್ಕೇಟ್‌ಬೋರ್ಡಿಂಗಿನ ಸ್ಟ್ರೀಟ್ ಮತ್ತು ಪಾರ್ಕ್ ವಿಭಾಗಗಳು ಮಾತ್ರ, ಸ್ಲಾಲಂ ಅಲ್ಲ. ಆ ಎರಡಕ್ಕೂ ಕಾಂಕ್ರೀಟಿನಲ್ಲಿ ಕಟ್ಟಿದ ಮೆಟ್ಟಿಲು, ಇಳಿಜಾರು, ಗುಂಡಿಗಳಂತಹ ಅಂಕಣ ಬೇಕು. ಇದಕ್ಕೆ ಒಂದು ಒಳ್ಳೆಯ ರಸ್ತೆ ಮತ್ತು ನಿಯಮಕ್ಕೆ ಬದ್ಧರಾದ ಕೆಲವರು ಸಾಕು.

ಒಳ್ಳೆಯ ರಸ್ತೆ ಯಾವುದೆಂದು ಕಣ್ಣಳತೆಯಿಂದ ಹೇಳಲಾಗದು. ಇಳಿಜಾರು ಕಡಿಮೆಯಾದರೆ ಹೊಸಬರು ಅರ್ಧದಲ್ಲೇ ನಿಲ್ಲುತ್ತಾರೆ, ಹೆಚ್ಚಾದರೆ ಅವರಿಗೆ ಬೋರ್ಡಿನ ಹಿಡಿತ ತಪ್ಪುತ್ತದೆ. ಬಡಾವಣೆಯ ಕಾಂಪೌಂಡ್ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯೊಬ್ಬರು ನಮ್ಮ ಪೇಚಾಟ ನೋಡಿ ತಮ್ಮ ನೀರು ತುಂಬಿದ ಲೆವೆಲ್ ಪೈಪು ತಂದರು. ಹತ್ತು ಹತ್ತು ಮೀಟರಿಗೆ ಒಂದೊಂದು ಕಡ್ಡಿ ನಿಲ್ಲಿಸಿ, ಪೈಪಿನ ಎರಡೂ ತುದಿಗಳಲ್ಲಿ ನೀರು ನಿಂತ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸುತ್ತಾ ಅವರು ಕೆಳಗಿನವರೆಗೆ ನಡೆದರು. ನಡುವೆ ಒಮ್ಮೆ ಪೈಪನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ಗಾಳಿ ಹೊರಡಿಸಿ, "ಪೈಪಿನ್ಯಾಗ ಗುಳ್ಳಿ ಇರಬಾರದು ಸರ್, ಗುಳ್ಳಿ ಇದ್ರ ನೀರು ಸುಳ್ಳು ಹೇಳತೈತಿ" ಎಂದರು. 58 ಮೀಟರ್ ಉದ್ದಕ್ಕೆ ಸುಮಾರು 1.75 ಮೀಟರ್ ಇಳಿತ, ಅಂದರೆ ಶೇ. 3. ಮಕ್ಕಳ ಓಟಕ್ಕೆ ಇದು ಹಿತವಾದ ಇಳಿಜಾರು. ಕೆಳಗೆ ರಸ್ತೆ ಸಮತಟ್ಟಾಗುವುದರಿಂದ ನಿಲ್ಲಲು ಜಾಗವೂ ಇತ್ತು. ಎರಡು ಲೇನ್‌ಗಳಲ್ಲಿ ತಲಾ 25 ಕೋನ್‌ಗಳನ್ನು ಎರಡೆರಡು ಮೀಟರ್ ಅಂತರದಲ್ಲಿ ಇಡುವುದೆಂದೂ, ಮೊದಲ ಕೋನಿಗೆ ಮುಂಚೆ ಐದು ಮೀಟರ್, ಕೊನೆಯದರ ನಂತರ ಐದು ಮೀಟರ್ ಬಿಡುವುದೆಂದೂ ನಿರ್ಧರಿಸಿದೆವು.

ಬಳ್ಳಾರಿಯ ರಸ್ತೆಗೆ ತನ್ನದೇ ಆದ ಒಂದು ತೊಡಕಿದೆ: ಕೆಂಪು ದೂಳು. ಅದಿರಿನ ದೂಳು, ಹೊಲದ ಮಣ್ಣು ಮತ್ತು ಕಟ್ಟಡದ ಜಲ್ಲಿಚೂರು ಸೇರಿ ಡಾಂಬರಿನ ಮೇಲೆ ಹರಡಿಕೊಂಡಿರುತ್ತವೆ; ಕಡಲೆಬೇಳೆಯಷ್ಟು ಚಿಕ್ಕ ಜಲ್ಲಿಯೂ ಸಣ್ಣ ಚಕ್ರವನ್ನು ತಟ್ಟನೆ ತಡೆದು ಮಗುವನ್ನು ಮುಂದಕ್ಕೆ ಎಸೆಯಬಲ್ಲದು. ಹಿಂದಿನ ದಿನ ಸಂಜೆ ಪಾಲಕರೆಲ್ಲ ಕಸಬರಿಗೆ ಹಿಡಿದು ಇಡೀ ಓಟದ ದಾರಿಯನ್ನು ಗುಡಿಸಿದರು, ಟ್ಯಾಂಕರ್ ನೀರು ಹಾಯಿಸಿ ತೊಳೆದರು. ಬೇರಿಂಗ್‌ಗಳಿಗೂ ಇದೇ ದೂಳು ಶತ್ರು. ಸ್ಕೇಟ್‌ಬೋರ್ಡಿಗೆ ಹಾಕುವ 608 ನಂಬರಿನ ಬೇರಿಂಗ್ ಸಣ್ಣ ಮೋಟಾರುಗಳಿಗೂ ಬಳಕೆಯಾಗುವುದರಿಂದ ಊರಿನ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಹಳೆಯವನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆವು. ಜೀನ್ಸ್ ಹೊಲಿಯುವ ಊರಿನಲ್ಲಿ ಆ ಎಣ್ಣೆಗೆ ಬರವಿಲ್ಲ. ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಡುವ ಪಾಲಕರೊಬ್ಬರು ಚಿಂದಿ ತುಂಬಿದ ಮೂಟೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದರು. ರಸ್ತೆಯ ಕೊನೆಯಲ್ಲಿ ಮತ್ತು ಎರಡೂ ಬದಿಯ ಕಲ್ಲುಗಳ ಮುಂದೆ ಅವನ್ನು ಒಟ್ಟಿದಾಗ ಯಾವ ಅಂಗಡಿಯಲ್ಲೂ ಸಿಗದಷ್ಟು ಮೆತ್ತನೆಯ ತಡೆಗೋಡೆ ಸಿದ್ಧವಾಯಿತು.

ಬೋರ್ಡುಗಳ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಒಂದಿಬ್ಬರ ಬಳಿ ಬೆಂಗಳೂರಿನಿಂದ ತರಿಸಿದ ದುಬಾರಿ ಬೋರ್ಡುಗಳಿದ್ದವು. ಉಳಿದವರ ಬಳಿ ಇದ್ದದ್ದು ಗಟ್ಟಿ ಪ್ಲಾಸ್ಟಿಕ್ ಚಕ್ರದ, ತಿರುವಿನಲ್ಲಿ ಜಾರುವ ಬೋರ್ಡುಗಳು. ಹೀಗಿರುವಾಗ ಓಟವಿಟ್ಟರೆ ಗೆಲ್ಲುವುದು ಅಪ್ಪಂದಿರ ಜೇಬು. ಆದ್ದರಿಂದ ಎಂಟು ಬೋರ್ಡುಗಳಿಗೆ ಒಂದೇ ಬಗೆಯ, 78ಎ ಗಡಸುತನದ ಮೃದು ಪಾಲಿಯುರೆಥೇನ್ ಚಕ್ರಗಳನ್ನು ಹಾಕಿಸಿ, ಎಲ್ಲರೂ ಅವನ್ನೇ ಬಳಸಬೇಕೆಂದು ನಿಯಮ ಮಾಡಿದೆವು. ಚಕ್ರಗಳನ್ನು ಬೋರ್ಡಿನ ಅಡಿಗೆ ಜೋಡಿಸುವ ಲೋಹದ ಭಾಗಕ್ಕೆ ಟ್ರಕ್ ಎನ್ನುತ್ತಾರೆ; ಅದರ ನಟ್ಟನ್ನು ಎಷ್ಟು ಸಡಿಲಿಸಬೇಕೆಂಬುದನ್ನು ಮಾತ್ರ ಮಕ್ಕಳ ಇಷ್ಟಕ್ಕೆ ಬಿಟ್ಟೆವು. ಒಬ್ಬ ಪಾಲಕರಿಗೆ ಇದು ಹಿಡಿಸಲಿಲ್ಲ, "ಮಕ್ಕಳ ಆಟಕ್ಕೆ ಇಷ್ಟೆಲ್ಲ ಯಾಕ್ರೀ?" ಎಂದು ಕೇಳಿದರು. ಮಕ್ಕಳ ಆಟವಾದ್ದರಿಂದಲೇ ಇಷ್ಟು ಬೇಕೆಂಬುದು ನನ್ನ ನಂಬಿಕೆ. ದೊಡ್ಡವರು ಅನ್ಯಾಯವಾದರೆ ಇನ್ನೊಂದು ಕಡೆ ಹೋಗಿ ಆಡಬಲ್ಲರು. ಊರಿನಲ್ಲಿ ಮೊದಲ ಸಲ ನಡೆಯುವ ಓಟದಲ್ಲಿ ಲೆಕ್ಕ ತಪ್ಪಿದರೆ ಮಗು ಆ ಆಟವನ್ನೇ ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಸಮಯದ ಲೆಕ್ಕ. ದೊಡ್ಡ ಸ್ಪರ್ಧೆಗಳಲ್ಲಿ ಎಲೆಕ್ಟ್ರಾನಿಕ್ ಸಮಯಮಾಪಕಗಳಿರುತ್ತವೆ. ನಮ್ಮ ಕೈಯಲ್ಲಿದ್ದದ್ದು ಸ್ಟಾಪ್‌ವಾಚ್ ಮತ್ತು ಮೊಬೈಲು. ಒಂದು ಕೋನಿಗೆ 0.1 ಸೆಕೆಂಡ್ ದಂಡವೆಂದು ನಾವು ಗೊತ್ತು ಮಾಡಿದ್ದೆವು. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಅದಕ್ಕಿಂತ ಹೆಚ್ಚಾಗಬಹುದು. ಇದಕ್ಕೆ ದಾರಿ ತೋರಿದ್ದು ಜೋಡಿ ಓಟದ ಪದ್ಧತಿ. ಇಬ್ಬರೂ ಒಂದೇ ಸೀಟಿಗೆ ಅಕ್ಕಪಕ್ಕದ ಲೇನ್‌ಗಳಲ್ಲಿ ಹೊರಟರೆ ಯಾರು ಎಷ್ಟು ಸೆಕೆಂಡಿನಲ್ಲಿ ಬಂದರೆಂದು ತಿಳಿಯುವ ಅಗತ್ಯವಿಲ್ಲ, ಇಬ್ಬರ ನಡುವಿನ ಅಂತರ ತಿಳಿದರೆ ಸಾಕು. ಕೊನೆಯ ಗೆರೆಗೆ ನೇರವಾಗಿ ಸ್ಟ್ಯಾಂಡ್ ಮೇಲೆ ಒಂದು ಮೊಬೈಲ್ ನಿಲ್ಲಿಸಿ, ಸೆಕೆಂಡಿಗೆ 60 ಫ್ರೇಮ್‌ಗಳಂತೆ ವಿಡಿಯೊ ತೆಗೆದೆವು. ಮೊದಲು ಬಂದವರ ಮುಂಚಕ್ರ ಗೆರೆ ಮುಟ್ಟಿದಲ್ಲಿಂದ ಎರಡನೆಯವರ ಮುಂಚಕ್ರ ಮುಟ್ಟುವ ತನಕ ಫ್ರೇಮ್‌ಗಳನ್ನು ಎಣಿಸಿದರೆ ಅಂತರ ಸಿಕ್ಕಿತು. 0.1 ಸೆಕೆಂಡ್ ಎಂದರೆ ಆರು ಫ್ರೇಮ್, ಹಾಗಾಗಿ ಬಿದ್ದ ಒಂದು ಕೋನಿಗೆ ಆರು ಫ್ರೇಮ್ ದಂಡ. ಬಳಿಕ ಇಬ್ಬರೂ ಲೇನ್ ಬದಲಿಸಿ ಇನ್ನೊಮ್ಮೆ ಓಡಬೇಕು, ಎರಡೂ ಓಟಗಳ ಅಂತರವನ್ನು ಕೂಡಿಸಿ ಗೆದ್ದವರನ್ನು ಹೇಳಬೇಕು. ಇದರಿಂದ ರಸ್ತೆಯ ಒಂದು ಬದಿ ನಯವಾಗಿದ್ದು ಇನ್ನೊಂದು ತರಿಯಾಗಿದ್ದರೂ ಯಾರಿಗೂ ನಷ್ಟವಿಲ್ಲ.

ಓಟದ ದಿನ ಬೆಳಕು ಹರಿಯುವ ಮುಂಚೆಯೇ ಸೇರಿದೆವು. ಹತ್ತು ಗಂಟೆಯ ನಂತರ ಬಿಸಿಲು ಏರುವುದಷ್ಟೇ ಅಲ್ಲ, ಗಾಳಿ ಎದ್ದು ಹಗುರವಾದ ಕೋನ್‌ಗಳನ್ನು ಉರುಳಿಸುತ್ತದೆ. ಭಾರದ ಕೋನ್ ಇಟ್ಟರೆ ಕಾಲಿಗೆ ಪೆಟ್ಟು. ಮೂರನೆಯ ಸ್ಥಾನದ ಪಂದ್ಯವೂ ಸೇರಿ 16 ಜೋಡಿಗಳಿಗೆ 32 ಓಟಗಳು, ಒಂದಕ್ಕೆ ಮೂರು ನಿಮಿಷವೆಂದರೂ ಒಂದೂವರೆ ಗಂಟೆಗೂ ಮಿಕ್ಕಿ ಬೇಕು. ಹಳೆಯ ಡಬ್ಬದ ಮುಚ್ಚಳದಿಂದ ಅಚ್ಚು ಮಾಡಿಕೊಂಡು ಪ್ರತಿ ಕೋನಿನ ಸುತ್ತ ಸೀಮೆಸುಣ್ಣದ ವೃತ್ತ ಬರೆದೆವು. ಕೋನ್ ಉರುಳಿದರೆ ದಂಡ; ಜರುಗಿದರೂ ಅದರ ತಳದ ಒಂದು ಅಂಚಾದರೂ ವೃತ್ತದ ಗೆರೆಯನ್ನು ಮುಟ್ಟುತ್ತಿದ್ದರೆ ದಂಡವಿಲ್ಲ. ಈ ನಿಯಮವನ್ನು ಮಕ್ಕಳನ್ನೆಲ್ಲ ಕೂರಿಸಿ, ಒಂದು ಕೋನನ್ನು ಸರಿಸಿ ಸರಿಸಿ ತೋರಿಸಿ ಒಪ್ಪಿಸಿದೆವು. ನಾಲ್ವರು ತೀರ್ಪುಗಾರರು ಇಕ್ಕೆಲಗಳಲ್ಲಿ ನಿಂತರು. ಚೀಟಿ ಎತ್ತಿ ಜೋಡಿಗಳನ್ನು ಮಾಡಿದೆವು.

ಏಳೂವರೆಯ ಹೊತ್ತಿಗೆ ಕುರಿ ಹಿಂಡೊಂದು ದಿನದ ರೂಢಿಯಂತೆ ಅದೇ ರಸ್ತೆಯನ್ನು ದಾಟಿತು. ದಾರಿ ಅವರದೇ, ನಾವು ಹೊಸಬರು. ಕುರಿ ಕಾಯುವ ಅಜ್ಜ ಹಿಂಡನ್ನು ಬೇಗ ದಾಟಿಸಿದರು, ನಾವು ಹಿಕ್ಕೆ ಗುಡಿಸಿ, ಅಳಿಸಿಹೋದ ವೃತ್ತಗಳನ್ನು ಮತ್ತೆ ಟೇಪಿನಿಂದ ಅಳೆದು ಬರೆದೆವು. ಅಜ್ಜ ಮೊದಲ ಸುತ್ತು ಮುಗಿಯುವವರೆಗೂ ಕೋಲಿಗೆ ಒರಗಿ ನಿಂತು ನೋಡಿದರು.

ಮೊದಲ ಸುತ್ತುಗಳಲ್ಲಿ ಹೆಚ್ಚಿನ ಮಕ್ಕಳು ವೇಗಕ್ಕೆ ಆಸೆಪಟ್ಟು ಜೋರಾಗಿ ನೂಕಿಕೊಂಡು ಹೊರಟು ಹತ್ತನೆಯ ಕೋನಿನ ಹೊತ್ತಿಗೆ ಸಾಲು ತಪ್ಪುತ್ತಿದ್ದರು. ಮುಂದಿನ ಕೋನನ್ನಲ್ಲ, ಮೂರು ಕೋನ್ ಆಚೆ ನೋಡಬೇಕೆಂದು ನನ್ನ ಗೆಳೆಯ ಹೇಳಿಕೊಟ್ಟದ್ದನ್ನು ಕೊನೆಯವರೆಗೆ ಪಾಲಿಸಿದವರು ಇಬ್ಬರೇ, ಅಂತಿಮಕ್ಕೆ ಬಂದವರೂ ಅವರೇ: ಕೌಲ್ ಬಜಾರಿನ ಒಬ್ಬ ಹುಡುಗ, ಮತ್ತು ಇನ್‌ಲೈನ್ ಸ್ಕೇಟಿಂಗಿನಿಂದ ಬಂದ ಏಳನೆಯ ತರಗತಿಯ ಹುಡುಗಿ.

ಅಂತಿಮದ ಮೊದಲ ಓಟದಲ್ಲಿ ಹುಡುಗಿ 14 ಫ್ರೇಮ್ ಮುಂದೆ ಬಂದಳು. ಒಂದು ಕೋನ್ ಬಿದ್ದದ್ದರಿಂದ ಅಂತರ ಎಂಟಕ್ಕಿಳಿಯಿತು. ಎರಡನೆಯ ಓಟದಲ್ಲಿ ಹುಡುಗ 17 ಫ್ರೇಮ್ ಮುಂದಿದ್ದ. ಅವನಿಗೆ ತೀರ್ಪುಗಾರರು ಎರಡು ಬೆರಳು ಎತ್ತಿದರು. ಹಾಗಾದರೆ ಅವನಿಗೆ ಉಳಿದದ್ದು ಐದು, ಗೆದ್ದವಳು ಹುಡುಗಿ, ಮೂರು ಫ್ರೇಮ್‌ಗಳಿಂದ. ಆದರೆ ಹುಡುಗ ಆಕ್ಷೇಪವೆತ್ತಿದ: "ಹತ್ತೊಂಬತ್ತನೇದು ಬಿದ್ದಿಲ್ಲ ಸರ್, ಜರುಗೈತಿ ಅಷ್ಟ." ಆ ಒಂದು ಕೋನಿಗೆ ದಂಡವಿಲ್ಲವೆಂದಾದರೆ ಫಲಿತಾಂಶ ತಿರುಗಿ ಅವನೇ ಮೂರು ಫ್ರೇಮ್‌ಗಳಿಂದ ಗೆಲ್ಲುತ್ತಾನೆ. ಯಾರೂ ಅದನ್ನು ಮುಟ್ಟಬಾರದೆಂದು ಸಾರಿ, ನಾವು ಸುತ್ತ ನಿಂತೆವು. ದೈಹಿಕ ಶಿಕ್ಷಕರು ರಸ್ತೆಯ ಮೇಲೆ ಬೋರಲಾಗಿ ಮಲಗಿ ಕೆನ್ನೆಯನ್ನು ಡಾಂಬರಿಗೆ ತಾಗಿಸಿ ನೋಡಿದರು. ಕೋನಿನ ಚೌಕ ತಳ ವೃತ್ತದಿಂದ ಹೊರಗೆ ಬಂದಿತ್ತು, ಆದರೆ ಅದರ ಒಂದು ಮೂಲೆ, ಉಗುರಿನ ತುದಿಯಷ್ಟು, ಬಿಳಿ ಗೆರೆಯ ಮೇಲಿತ್ತು. ಅವರು ಹುಡುಗಿಯನ್ನು ಕರೆದು ನೋಡಲು ಹೇಳಿದರು. ಅವಳೂ ಬಗ್ಗಿ ನೋಡಿ, "ಗೆರಿ ಮ್ಯಾಲ ಐತ್ರಿ ಸರ್" ಎಂದಳು.

ಅವಳು ಗೆಲ್ಲಲಿ ಎಂಬ ಆಸೆ ನನಗಿತ್ತು. 16 ಮಕ್ಕಳಲ್ಲಿ ಹುಡುಗಿಯರು ಮೂವರೇ ಇದ್ದರು, ಅವಳ ಗೆಲುವು ಇನ್ನಷ್ಟು ಹುಡುಗಿಯರನ್ನು ಕರೆತರುತ್ತಿತ್ತು. ಆದರೂ ತೀರ್ಪು ಬದಲಿಸಿದ್ದು ಸರಿ, ಮತ್ತು ಅದನ್ನು ಅವಳ ಕಣ್ಣಿಗೇ ತೋರಿಸಿ ಬದಲಿಸಿದ್ದು ಇನ್ನೂ ಸರಿ. ಅವಳ ತಂದೆ ಫ್ರೇಮ್ ಎಣಿಸಿದ ವಿಡಿಯೊವನ್ನು ಕೇಳಿ ಪಡೆದು, ಎರಡು ಬಾರಿ ತಾವೇ ಎಣಿಸಿ, ಲೆಕ್ಕ ಸರಿಯಿದೆ ಎಂದು ಹೇಳಿ ಮೊಬೈಲನ್ನು ಹಿಂದಿರುಗಿಸಿದರು. ಒಂಬತ್ತೂವರೆಗೆ ಎಲ್ಲ ಮುಗಿದು, ಮೂಟೆಗಳ ಮೇಲೆ ಕುಳಿತು ಒಗ್ಗರಣಿ-ಮಿರ್ಚಿ ತಿಂದೆವು.

ಮುಂದಿನ ಓಟವನ್ನು ಮಳೆಗಾಲ ಕಳೆದ ಮೇಲೆ ಇಡುವುದೆಂದು ಮಾತಾಗಿದೆ. ಆಗ ಕೋನ್‌ಗಳನ್ನು ನೇರ ಸಾಲಿನಲ್ಲಿಡದೆ, ಅಂತರವನ್ನು ಎರಡರಿಂದ ಮೂರು ಮೀಟರ್‌ವರೆಗೆ ಬದಲಿಸಿ, ಸ್ವಲ್ಪ ಆಚೀಚೆ ಸರಿಸಿ ಇಡಬೇಕೆಂದಿದ್ದೇವೆ. ಹಾಗೆ ಮಾಡುವಾಗ ಎರಡೂ ಲೇನ್‌ಗಳು ಒಂದೇ ತೆರನಾಗಿರಲು ಪ್ರತಿ ಕೋನನ್ನೂ ನಡುಗೆರೆಯಿಂದ ಅಳೆದೇ ಇಡಬೇಕಾಗುತ್ತದೆ. ದೈಹಿಕ ಶಿಕ್ಷಕರು ಗ್ರಾಫ್ ಹಾಳೆಯ ಮೇಲೆ ಅದರ ನಕ್ಷೆಯನ್ನು ಈಗಾಗಲೇ ಬರೆದಿಟ್ಟಿದ್ದಾರೆ. ಇನ್ನೂ ನಾಲ್ವರು ತೀರ್ಪುಗಾರರು ಬೇಕು. ಮೊದಲ ಸುತ್ತಿನಲ್ಲಿ ಸೋತ ಮಕ್ಕಳಲ್ಲಿ ಇಬ್ಬರು, ಓಡುವುದರ ಜೊತೆಗೆ ಆ ಕೆಲಸವನ್ನೂ ಮಾಡುತ್ತೇವೆಂದು ಹೆಸರು ಕೊಟ್ಟಿದ್ದಾರೆ.