ಎಂಟು ಎಂಇವಿಯಲ್ಲಿ ಅಡಗಿದ ಭಾರ

22 ಫೆಬ್ರವರಿ 2024, ಗುರುವಾರ

ಇಂದು ಇಡೀ ದಿನ ನನ್ನ ಕಂಪ್ಯೂಟರ್ ಲೆಕ್ಕದಲ್ಲಿ ಬಾಟಮ್ ಕ್ವಾರ್ಕ್ ಎಂಬ ಭಾರವಾದ ಮೂಲಕಣದ ದ್ರವ್ಯರಾಶಿಯನ್ನು ಹೊಂದಿಸುವುದರಲ್ಲೇ ಕಳೆಯಿತು. ನಾನು ಬಳಸುವ ಜಾಲಕದಲ್ಲಿ, ಅಂದರೆ ದೇಶಕಾಲವನ್ನು ಬಿಂದುಗಳಾಗಿ ಬಿಡಿಸಿದ ನಾಲ್ಕು ಆಯಾಮಗಳ ಚೌಕಟ್ಟಿನಲ್ಲಿ, ಬಿಂದುವಿನಿಂದ ಬಿಂದುವಿಗೆ 0.1 ಫರ್ಮಿ (ಒಂದು ಫರ್ಮಿ ಎಂದರೆ 10⁻¹⁵ ಮೀಟರ್) ಅಂತರ. ಶಕ್ತಿಯ ಲೆಕ್ಕದಲ್ಲಿ ಅದರ ವಿಲೋಮ ಸುಮಾರು 2 ಜಿಇವಿ (ಕಣಗಳ ಶಕ್ತಿ, ದ್ರವ್ಯರಾಶಿ ಎರಡನ್ನೂ ಅಳೆಯುವ ಮಾನ; ಇದರ ಸಾವಿರದಲ್ಲೊಂದು ಭಾಗ ಎಂಇವಿ). ಬಾಟಮ್ ಕ್ವಾರ್ಕಿನ ದ್ರವ್ಯರಾಶಿಯೋ ಸುಮಾರು 4.2 ಜಿಇವಿ. ಹಗುರ ಕ್ವಾರ್ಕುಗಳಿಗೆ ಒಪ್ಪುವ ವಿಧಾನವನ್ನೇ ಇದಕ್ಕೂ ಹಚ್ಚಿದರೆ, ಅಂತರ ಮತ್ತು ದ್ರವ್ಯರಾಶಿಯ ಗುಣಲಬ್ಧ ಒಂದನ್ನು ಮೀರುವುದರಿಂದ, ಆ ಗುಣಲಬ್ಧದ ಘಾತಗಳಾಗಿ ಬರುವ ದೋಷಗಳು ಹತೋಟಿ ತಪ್ಪುತ್ತವೆ. ಅಂತರವನ್ನು ಅರ್ಧಕ್ಕಿಳಿಸೋಣವೆಂದರೆ ಅದೇ ಗಾತ್ರದ ಪೆಟ್ಟಿಗೆಗೆ 16 ಪಟ್ಟು ಬಿಂದುಗಳು ಬೇಕು.

ಆದ್ದರಿಂದ ಎನ್‌ಆರ್‌ಕ್ಯುಸಿಡಿಯನ್ನು, ಅಂದರೆ ನಿಧಾನವಾಗಿ ಚಲಿಸುವ ಭಾರದ ಕ್ವಾರ್ಕುಗಳಿಗೆಂದು ಸರಳಗೊಳಿಸಿದ ಸಿದ್ಧಾಂತವನ್ನು, ಹಿಡಿದಿದ್ದೇನೆ. ಬಾಟಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣ ಕೂಡಿ ಆದ, 1977ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಪತ್ತೆಯಾದ ಉಪ್ಸಿಲಾನ್ ಕಣದೊಳಗೆ ಈ ಕ್ವಾರ್ಕ್ ನಿಧಾನವಾಗಿ ಚಲಿಸುತ್ತದೆ, ಅದರ ವೇಗದ ವರ್ಗ ಬೆಳಕಿನ ವೇಗದ ವರ್ಗದ ಹತ್ತರಲ್ಲೊಂದರಷ್ಟು ಮಾತ್ರ. ಹೀಗಾಗಿ ನಿಶ್ಚಲ ಶಕ್ತಿಯನ್ನು ಮೊದಲೇ ಕಳೆದುಬಿಟ್ಟು ಉಳಿದುದನ್ನು ವೇಗದ ಘಾತಗಳಲ್ಲಿ ಬಿಡಿಸಿ ಬರೆಯಬಹುದು.

ತೊಡಕು ಇರುವುದು ಇಲ್ಲಿಯೇ. ಕಳೆದ ಭಾಗ ಎಷ್ಟೆಂಬುದು ಶಕ್ತಿಯಿಂದ ನೇರವಾಗಿ ತಿಳಿಯದು. ಉಪ್ಸಿಲಾನಿನ ಮೊದಲೆರಡು ಮಟ್ಟಗಳ ನಡುವಿನ 563 ಎಂಇವಿಯಂಥ ಶಕ್ತಿಯ ಅಂತರಗಳು ನೇರವಾಗಿ ದೊರೆಯುತ್ತವೆ, ಒಟ್ಟು ದ್ರವ್ಯರಾಶಿ ದೊರೆಯುವುದಿಲ್ಲ. ಹೇರಿದ ಗಾಡಿಯ ಭಾರವನ್ನು ನೊಗಕ್ಕೆ ಹೆಗಲು ಕೊಟ್ಟು ತಿಳಿಯುವಂತೆ, ಕಣಕ್ಕೆ ಸಂವೇಗ ಕೊಟ್ಟು ಅದರ ಶಕ್ತಿ ಎಷ್ಟು ಏರಿತೆಂದು ನೋಡಬೇಕು. 3.2 ಫರ್ಮಿ ಬದಿಯ ಪೆಟ್ಟಿಗೆಯಲ್ಲಿ ಅತಿ ಚಿಕ್ಕ ಸಂವೇಗ ಸುಮಾರು 0.39 ಜಿಇವಿ, ಅದರಿಂದಾಗುವ ಏರಿಕೆ ಬರೀ 8 ಎಂಇವಿ. ಉಪ್ಸಿಲಾನ್ ಮತ್ತು ಅದರ ಜೊತೆಗಾರ ಕಣ ಈಟಾ-ಬಿಗಳ, 9,445 ಎಂಇವಿಯಷ್ಟು ಬರಬೇಕಾದ ಸರಾಸರಿ ದ್ರವ್ಯರಾಶಿಯನ್ನು ಈ ಎಂಟರಿಂದ ತೆಗೆಯಬೇಕು, ಈ ಎಂಟರಲ್ಲಿ 1 ಎಂಇವಿ ತಪ್ಪಿದರೆ ದ್ರವ್ಯರಾಶಿ 1,000 ಎಂಇವಿಗೂ ಮೀರಿ ತಪ್ಪುತ್ತದೆ.

ಬೆಳಿಗ್ಗೆ ನಿಂತ ಕಣ, ಚಲಿಸುವ ಕಣ ಎರಡರ ಶಕ್ತಿಗಳ ದೋಷವನ್ನು ಪ್ರತ್ಯೇಕವಾಗಿ ಲೆಕ್ಕಹಾಕಿದ್ದೆ. ಫಲಿತಾಂಶಕ್ಕೆ ಅರ್ಥವೇ ಉಳಿಯಲಿಲ್ಲ. ಒಂದೇ ಗ್ಲುವಾನ್ ವಿನ್ಯಾಸಗಳ (ಕ್ವಾರ್ಕುಗಳನ್ನು ಬೆಸೆಯುವ ಕ್ಷೇತ್ರದ ಯಾದೃಚ್ಛಿಕ ಮಾದರಿಗಳ) ಮೇಲೆ ಅಳೆದದ್ದರಿಂದ ಎರಡೂ ಒಟ್ಟಿಗೇ ಏರಿಳಿಯುತ್ತವೆ ಎಂಬುದನ್ನು ಮರೆತಿದ್ದೆ. ಮಧ್ಯಾಹ್ನ ಪ್ರತಿ ವಿನ್ಯಾಸ ಗುಂಪಿನಲ್ಲೂ ವ್ಯತ್ಯಾಸವನ್ನೇ ತೆಗೆದಾಗ ಗದ್ದಲ ಬಹುಪಾಲು ಕರಗಿ, ಏರಿಕೆ ಸ್ಪಷ್ಟವಾಗಿ ಕಂಡಿತು. ಆ ಗಳಿಗೆಯ ಸಂತೋಷವನ್ನು ಇಲ್ಲಿ ಬರೆದಿಡಬೇಕೆನಿಸಿತು.

ಈ ವಿಧಾನದಲ್ಲಿ ಜಾಲಕದ ಅಂತರವನ್ನು ಸೊನ್ನೆಗೆ ಒಯ್ಯಲಾಗದು, ಏಕೆಂದರೆ ಅಂತರ ಮತ್ತು ದ್ರವ್ಯರಾಶಿಯ ಗುಣಲಬ್ಧ ಒಂದಕ್ಕಿಂತ ಕೆಳಗಿಳಿದಂತೆ ತಿದ್ದುಪಡಿ ಗುಣಾಂಕಗಳು ಸ್ಫೋಟಿಸುತ್ತವೆ. ಈ ಕೊರತೆ ನನ್ನನ್ನು ನಿಜಕ್ಕೂ ಕಾಡುತ್ತದೆ. ಸೂಕ್ಷ್ಮ ಜಾಲಕಗಳಲ್ಲಿ, ಬಾಟಮ್‌ಗಿಂತ ಹಗುರವಾದ ಚಾರ್ಮ್ ಕ್ವಾರ್ಕಿನ ದ್ರವ್ಯರಾಶಿಯಿಂದ ಮೇಲೇರುತ್ತಾ ಬಾಟಮ್ ತಲುಪುವ ಸಾಪೇಕ್ಷ ವಿಧಾನದ ಫಲಿತಾಂಶಗಳೊಡನೆ ತಾಳೆ ನೋಡದೆ ನನ್ನ ಸಂಖ್ಯೆಯನ್ನು ನಂಬಲಾರೆ.

ಸದ್ಯಕ್ಕೆ ಬಂದಿರುವ ದ್ರವ್ಯರಾಶಿ ತುಸು ಹೆಚ್ಚು. ಲೆಕ್ಕಕ್ಕೆ ಕೊಡುವ ಕ್ವಾರ್ಕ್ ದ್ರವ್ಯರಾಶಿಯ ನಿಯತಾಂಕವನ್ನು ಸ್ವಲ್ಪ ಇಳಿಸಿ, ರಾತ್ರಿಯ ಸರದಿಗೆ ಹೊಸ ಲೆಕ್ಕವನ್ನು ಕಳುಹಿಸಿದ್ದೇನೆ.